ಅಗ್ಗದ ಅಶ್ವಶಕ್ತಿ

ಒಂದು ಕಾಲದಲ್ಲಿ ಬೀದರ ಜಿಲ್ಲೆಯ ಚಿಟಗುಪ್ಪದಂತಹ ಊರುಗಳಲ್ಲಿ ಅಂಗಳದ ಎತ್ತಿನ ಜೋಡಿಯನ್ನು ನೋಡಿ ಮನೆತನದ ಅಂತಸ್ತನ್ನು ಅಳೆಯುತ್ತಿದ್ದರು. ಇಂದು ಆ ಸ್ಥಾನಕ್ಕೆ ಫಟಫಟಿ ಬಂದು ನಿಂತಿದೆ. ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಿದ್ದಂತೆ, ಮೋಟಾರ್ ಸೈಕಲ್ ಕೊಳ್ಳುವ ತರುಣನು ಅಶ್ವಶಕ್ತಿಯನ್ನು ಎಣಿಸುತ್ತಾನೆ. ಸಮೀಪದಲ್ಲಿಯೇ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ದೊಡ್ಡ ಗಾಡಿಯೊಂದು ಅವನನ್ನು ಹಿಂದಿಕ್ಕಿ ಹೋಯಿತೆಂದರೆ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹೊಸ ಗಾಡಿಗೆ ಹಣವಿಲ್ಲ, ಇದ್ದ ಎಂಜಿನ್ನಿಗೇ ಇನ್ನೆರಡು ಕುದುರೆಗಳನ್ನು ಹೂಡಲು ಬಾರದೆ?

ಬರುತ್ತದೆ. ಆದರೆ ಕುದುರೆ ಎಲ್ಲಿಂದ ಬರುತ್ತದೆಂಬುದನ್ನು ಮೊದಲು ಅರಿಯಬೇಕು. 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವ ಸಾಮರ್ಥ್ಯಕ್ಕೆ ಜೇಮ್ಸ್ ವಾಟ್ ಅಶ್ವಶಕ್ತಿಯೆಂಬ ಹೆಸರನ್ನಿಟ್ಟನು. ಇಂದಿನ ಲೆಕ್ಕದಲ್ಲಿ ಅದು ಸುಮಾರು 746 ವ್ಯಾಟ್. ಎಂಜಿನ್ ಈ ಶಕ್ತಿಯನ್ನು ಪಡೆಯುವುದು ಪೆಟ್ರೋಲಿನಿಂದ. ಆದರೆ ಪೆಟ್ರೋಲು ಉರಿಯಲು ಅದರ ಸುಮಾರು 14.7 ಪಟ್ಟು ತೂಕದ ಗಾಳಿ ಬೇಕು. ಆದುದರಿಂದ ಶಕ್ತಿ ಹೆಚ್ಚಿಸುವ ಉಪಾಯಗಳೆಲ್ಲವೂ ಕೊನೆಗೆ ನಾಲ್ಕೇ ಆಗುತ್ತವೆ: ಹೆಚ್ಚು ಗಾಳಿ ಎಳೆಯುವಂತೆ ಮಾಡುವುದು, ಎಳೆದದ್ದನ್ನು ಹೆಚ್ಚು ಒತ್ತುವುದು, ಎಂಜಿನ್ನನ್ನು ಹೆಚ್ಚು ವೇಗದಲ್ಲಿ ತಿರುಗಿಸುವುದು, ಹುಟ್ಟಿದ ಶಕ್ತಿ ದಾರಿಯಲ್ಲಿ ಸೋರದಂತೆ ಕಾಯುವುದು.

ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಗಿಲ್ಲ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಹೊರತಂದ ಜಾವಾ ಗಾಡಿಯ ಶಕ್ತಿ ಸುಮಾರು 12 ಅಶ್ವಶಕ್ತಿ. ಅದೇ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ 1970ರ ದಶಕದ ಕೊನೆಯಲ್ಲಿ ಬಂದಾಗ ಆ ಅಂಕಿ 16ಕ್ಕೆ ಏರಿತ್ತು. ಸಿಲಿಂಡರಿನ ಗಾತ್ರವಾದರೋ ಎರಡರಲ್ಲಿಯೂ 250 ಸಿಸಿಯ ಆಸುಪಾಸೇ. ಪಾತ್ರೆ ಬದಲಾಗಲಿಲ್ಲ, ಅದರೊಳಗೆ ಗಾಳಿ ಹೊಕ್ಕು ಹೊರಡುವ ಕ್ರಮ ಬದಲಾಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ಅದು ಕಲಿಸಿದ ಪಾಠ ಉಳಿದಿದೆ.

ಇದೇ ಪಾಠವನ್ನು ಓಣಿಯ ಮಿಸ್ತ್ರಿಗಳಿಗೆ ಮುಟ್ಟಿಸಿದ್ದು ಯಮಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ತಯಾರಾದ ಈ ಗಾಡಿ ಕೇವಲ 98 ಸಿಸಿಯಿಂದ 11 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕವಾಟಗಳ ಗೊಡವೆ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಕೂದಲೆಳೆಯಷ್ಟು ಎತ್ತರಿಸಿದರೆ ಮೇಲಿನ ವೇಗದಲ್ಲಿ ಶಕ್ತಿ ಹೆಚ್ಚುತ್ತದೆ. ಹೊಟ್ಟೆ ಉಬ್ಬಿದ ಸೈಲೆನ್ಸರನ್ನು ಸರಿಯಾದ ಅಳತೆಯಲ್ಲಿ ಕೂಡಿಸಿದರೆ, ಅದರೊಳಗಿಂದ ಹಿಂದಿರುಗುವ ಒತ್ತಡದ ಅಲೆಯು ಹೊರಗೆ ಸೋರಿದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಒಂದು ಅರ, ಒಂದು ತಗಡು, ಅನುಭವಿಯಾದ ಕೈ ಇದ್ದರೆ ಸಾಕಿತ್ತು. ಆದರೆ ಅರ ಒಂದಿಷ್ಟು ಹೆಚ್ಚು ಓಡಿದರೆ ಕೆಳವೇಗದ ಎಳೆತವೆಲ್ಲ ಸತ್ತು, ಏರು ಬಂದಾಗ ಗಾಡಿ ಮುಗ್ಗರಿಸುತ್ತಿತ್ತು. ಒಮ್ಮೆ ತೇಯ್ದ ಲೋಹ ಮತ್ತೆ ಬೆಳೆಯುವುದಿಲ್ಲ.

ಇಂದಿನ ಗಾಡಿಗಳು ನಾಲ್ಕು ಸ್ಟ್ರೋಕಿನವು; ಅವುಗಳ ಪೆಟ್ರೋಲಿನ ಲೆಕ್ಕವನ್ನು ಪುಟ್ಟದೊಂದು ಕಂಪ್ಯೂಟರ್ ಬರೆಯುತ್ತದೆ. ಇಲ್ಲಿ ಎಲ್ಲಕ್ಕಿಂತ ಅಗ್ಗದ ಅಶ್ವಶಕ್ತಿಯೆಂದರೆ ಕಳೆದುಹೋದದ್ದನ್ನು ಮರಳಿ ಪಡೆಯುವುದು. ಬೀದರ ಸೀಮೆಯ ಕೆಂಪು ಧೂಳು ಏರ್ ಫಿಲ್ಟರನ್ನು ಬೇಗನೆ ಕಟ್ಟಿಬಿಡುತ್ತದೆ. ಉಸಿರು ಕಟ್ಟಿದ ಎಂಜಿನ್ ಓಡುವುದೆಂತು? ಸವೆದ ಪ್ಲಗ್, ಹೊಂದಿಕೆ ತಪ್ಪಿದ ಟ್ಯಾಪೆಟ್, ಜಾರುವ ಕ್ಲಚ್ ಪ್ಲೇಟು, ಎಣ್ಣೆ ಕಾಣದ ಚೈನು, ಗಾಳಿ ಇಳಿದ ಟೈರು ಇವೆಲ್ಲವೂ ಕಳ್ಳರೇ. ಹೊಸ ಬಿಡಿಭಾಗದ ಆಸೆಗೆ ಮುನ್ನ ಈ ಕಳ್ಳರನ್ನು ಹಿಡಿಯುವುದೇ ಲಾಭ.

ಪ್ರಕೃತಿಯೂ ತನ್ನ ಪಾಲನ್ನು ಬಿಡುವುದಿಲ್ಲ. ಈ ಪ್ರಸ್ಥಭೂಮಿಯು ಕಡಲಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿದೆ. ತೆಳುವಾದ ಗಾಳಿಯಿಂದಾಗಿ ನೂರರಲ್ಲಿ ಸುಮಾರು ಆರು ಪಾಲು ಶಕ್ತಿ ಇಲ್ಲಿಯೇ ಕರಗುತ್ತದೆ. 25 ಡಿಗ್ರಿಯ ಮುಂಜಾವಿಗಿಂತ 42 ಡಿಗ್ರಿಯ ವೈಶಾಖದ ಮಧ್ಯಾಹ್ನದಲ್ಲಿ ಗಾಳಿಯ ಸಾಂದ್ರತೆ ಮತ್ತೆ ನೂರಕ್ಕೆ ಐದರಷ್ಟು ಇಳಿದಿರುತ್ತದೆ. ಬೆಳಿಗ್ಗೆ ಹುರುಪಿನಿಂದ ಓಡಿದ ಗಾಡಿ ಮಧ್ಯಾಹ್ನ ಸೋತಂತೆ ಕಂಡರೆ ಅದು ಸವಾರನ ಭ್ರಮೆಯಲ್ಲ.

ಮುಂದಿನ ಅಗ್ಗದ ಉಪಾಯ ಸ್ಪ್ರಾಕೆಟ್ಟಿನದು. ಹಿಂದಿನ 45 ಹಲ್ಲಿನ ಚಕ್ರದ ಬದಲು 48 ಹಲ್ಲಿನದನ್ನು ಹಾಕಿದರೆ ಎಳೆತ ನೂರಕ್ಕೆ ಆರೇಳರಷ್ಟು ಹೆಚ್ಚಿ ಗಾಡಿ ಚಂಗನೆ ಜಿಗಿಯುತ್ತದೆ. ಆದರೆ ಒಂದು ಕುದುರೆಯೂ ಹೆಚ್ಚಿದ್ದಲ್ಲ. ಪ್ರತಿ ಗೇರಿನಲ್ಲಿಯೂ ಎಂಜಿನ್ ಬೇಗನೆ ತನ್ನ ವೇಗದ ಮಿತಿಯನ್ನು ಮುಟ್ಟುತ್ತದೆ, ಪೆಟ್ರೋಲಿನ ಖರ್ಚು ಏರುತ್ತದೆ.

ಹೆಚ್ಚು ಗಾಳಿ ಬಿಡುವ ಫಿಲ್ಟರು, ಸಲೀಸಾದ ಸೈಲೆನ್ಸರು, ತಿದ್ದಿದ ಕಂಪ್ಯೂಟರ್ ಲೆಕ್ಕ ಈ ಮೂರೂ ಒಂದೇ ಕುಟುಂಬದವು. ಒಂದನ್ನು ಹಾಕಿ ಉಳಿದೆರಡನ್ನು ಬಿಟ್ಟರೆ ಗಾಳಿ–ಪೆಟ್ರೋಲುಗಳ ಹೊಂದಾಣಿಕೆ ಕೆಡಬಹುದು. ಪೆಟ್ರೋಲು ಸಾಲದ ಮಿಶ್ರಣ ಉರಿದರೆ ಎಂಜಿನ್ ಮಿತಿಮೀರಿ ಕಾಯುತ್ತದೆ. ಮೂರನ್ನೂ ಬಲ್ಲವರ ಕೈಯಲ್ಲಿ ಸರಿಪಡಿಸಿದರೂ 20 ಅಶ್ವಶಕ್ತಿಯ ಗಾಡಿಗೆ ಒಂದೆರಡು ದಕ್ಕಿದರೆ ಅದೇ ದೊಡ್ಡದು. ಬರಿಯ ಸೈಲೆನ್ಸರನ್ನು ಬದಲಿಸಿದಾಗ ಬಹುಮಟ್ಟಿಗೆ ಹೆಚ್ಚುವುದು ಸದ್ದು. ಕಿವಿಯು ಅದನ್ನೇ ಶಕ್ತಿಯೆಂದು ನಂಬಿಬಿಡುತ್ತದೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರೆಂಬ ಗಾದೆ ಇಂತಹ ವ್ಯಾಪಾರಕ್ಕೇ ಹುಟ್ಟಿರಬೇಕು.

ಕೊನೆಯ ಉಪಾಯ ಸಿಲಿಂಡರನ್ನು ಕೊರೆಸಿ ದೊಡ್ಡದು ಮಾಡುವುದು. 58 ಮಿಲಿಮೀಟರ್ ಬೋರನ್ನು 61 ಮಾಡಿದರೆ ಗಾತ್ರ ನೂರಕ್ಕೆ ಹತ್ತಕ್ಕೂ ಮಿಕ್ಕಿ ಹೆಚ್ಚುತ್ತದೆ. ಶಕ್ತಿಯೂ ನಿಜವಾಗಿ ಏರುತ್ತದೆ. ಆದರೆ ಹಳೆಯ ಕ್ರ್ಯಾಂಕು, ಗೇರು, ಬ್ರೇಕುಗಳು ಈ ಹೊಸ ಭಾರಕ್ಕಾಗಿ ಹುಟ್ಟಿದವಲ್ಲ. ಅವುಗಳನ್ನೂ ಬದಲಿಸುತ್ತ ಹೋದರೆ ಅಗ್ಗವೆಂಬ ಮಾತು ಅಲ್ಲಿಗೇ ಮುಗಿಯಿತು.

ಇಷ್ಟು ಮಾಡಿ ದೊರಕುವ ವೇಗವೆಷ್ಟು? ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನಪ್ರಮಾಣದಲ್ಲಿ ಏರುತ್ತದೆ. 20 ಅಶ್ವಶಕ್ತಿಯಲ್ಲಿ ಗಂಟೆಗೆ 120 ಕಿಲೋಮೀಟರ್ ಓಡುವ ಗಾಡಿಗೆ ಇನ್ನೊಂದು ಕುದುರೆಯನ್ನು ಹೂಡಿದರೆ ಅದರ ವೇಗ 122ನ್ನೂ ತಲುಪದು. ಆದರೆ ನಿಲ್ಲಿಸುವ ಲೆಕ್ಕ ಬೇರೆ: ವೇಗ ನೂರಕ್ಕೆ ಇಪ್ಪತ್ತು ಹೆಚ್ಚಿದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನೂರಕ್ಕೆ 44ರಷ್ಟು ಬೆಳೆಯುತ್ತದೆ. ತೊಗರಿಯ ಹೊಲದಿಂದ ರಸ್ತೆಗಿಳಿಯುವ ಎಮ್ಮೆಗೆ ಈ ಗಣಿತ ತಿಳಿಯದು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಗೊತ್ತುಪಡಿಸಿದ ವಿವರಗಳಿಂದ ಗಾಡಿ ದೂರ ಸರಿಯುವಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಂತೆ ಅಂತಹ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯ ಹಣಕ್ಕೂ ಇದು ಅಡ್ಡಿಯಾದೀತು. ಆಗ ನಷ್ಟ ತರುಣನೊಬ್ಬನದಾಗದೆ ಮನೆಯವರೆಲ್ಲರದೂ ಆಗುತ್ತದೆ.

ಎಂಜಿನ್ನನ್ನು ಪಳಗಿಸುವ ವಿದ್ಯೆ ಹೀನವೆಂದು ಇದರ ಅರ್ಥವಲ್ಲ. ಅದರ ಯೋಗ್ಯ ಸ್ಥಾನ ಚೆನ್ನೈ, ಕೊಯಮತ್ತೂರುಗಳಲ್ಲಿರುವ ಓಟದ ಕಣ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಅದು ಹೆದ್ದಾರಿಯ ಪೈಪೋಟಿಯಿಂದ ಸಿದ್ಧಿಸುವಂಥದಲ್ಲ. ಹಲವು ವರ್ಷಗಳ ಸವಾರಿಯ ಸಾಧನೆ ಅದರ ಹಿಂದಿರುತ್ತದೆ.

ಚಿಟಗುಪ್ಪದ ತರುಣನ ಕೈಯಲ್ಲಿ ಹತ್ತು ಸಾವಿರ ರೂಪಾಯಿ ಕೂಡಿದೆಯೆನ್ನಿ. ಮೊದಲು ಎಂಜಿನ್ನಿಗೆ ಸರಿಯಾದ ಸರ್ವಿಸು, ಆಮೇಲೆ ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡು. ಉಳಿದುದರಲ್ಲಿ ಗಟ್ಟಿಯಾದ ಒಂದು ಹೆಲ್ಮೆಟ್ಟು. ಹುಮನಾಬಾದಿನವರೆಗೆ ಹೋಗಿ ಬರುವಷ್ಟರಲ್ಲಿ ತನ್ನ ಗಾಡಿ ಹಗುರಾಗಿ ಓಡುತ್ತಿರುವುದನ್ನು ಅವನೇ ಕಾಣುವನು.