ಮೂರು ಮೀಟರ್, ₹6,100: ಡ್ಯಾಶ್‌ಬೋರ್ಡ್ ಖರ್ಚಿನ ಲೆಕ್ಕ

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಆದರೂ ಅದನ್ನು ಜೋಪಾನವಾಗಿ ಓಡಿಸುವವರು, ಒಳಗನ್ನು ಹೊಸದಾಗಿ ಸಿಂಗರಿಸುವವರು ಇನ್ನೂ ಇದ್ದಾರೆ. ದುಡ್ಡು ಮೊದಲು ಹೋಗುವುದು ಸೀಟ್ ಕವರ್‌ಗೆ, ಸ್ಪೀಕರ್‌ಗೆ. ಅದರಲ್ಲಿ ಆರು ಸಾವಿರವನ್ನು ಆಯಿಲ್ ಪ್ರೆಶರ್, ನೀರಿನ ಬಿಸಿ, ಬ್ಯಾಟರಿ ವೋಲ್ಟೇಜ್ ತೋರಿಸುವ ಮೂರು ಮೀಟರಿಗೆ ಎತ್ತಿಡಿ ಎನ್ನುತ್ತೇನೆ.

ಆಯಿಲ್‌ಗೆ ಕಂಪನಿ ಕೊಟ್ಟಿರುವುದು ಒಂದು ಕೆಂಪು ದೀಪ ಮಾತ್ರ. ಇಂಥ ದೀಪದ ಸ್ವಿಚ್ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಒತ್ತಡ ಅರ್ಧ ಬಾರ್‌ಗಿಂತ ಕೆಳಗೆ ಕುಸಿದ ಮೇಲೆ. 3,000 ಆರ್‌ಪಿಎಂನಲ್ಲಿ ಕನಿಷ್ಠ 2 ಬಾರ್ ಇರಲಿ ಎನ್ನುವುದು ಮೆಕ್ಯಾನಿಕ್‌ಗಳ ಅಂದಾಜು. ಅದು 1ಕ್ಕೆ ಇಳಿದರೂ ದೀಪ ಹತ್ತುವುದಿಲ್ಲ. ಬೇರಿಂಗ್ ಸವೆಯುತ್ತಲೇ ಇರುತ್ತದೆ. ಮುಳ್ಳಾದರೆ ಅಂದೇ ಹೇಳುತ್ತದೆ.

52 ಮಿ.ಮೀ. ಅಳತೆಯ ಮೀಟರ್ ಸಾವಿರದೊಳಗೂ ಸಿಗುತ್ತದೆ, ನಾಲ್ಕೈದು ಸಾವಿರ ದಾಟುವುದೂ ಇದೆ. ನಡುವಿನ ದರ ₹1,500 ಹಿಡಿದರೆ ಮೂರಕ್ಕೆ ₹4,500. ಕೂರಿಸುವ ಪಾಡ್‌ಗೆ ₹800. ಕ್ಲಿಪ್, ಟೇಪ್, ಸ್ಕ್ರೂಗೆ ₹250. ಉಳಿದದ್ದು ವೈರ್ ₹150, ಫ್ಯೂಸ್ ಮತ್ತು ಹೋಲ್ಡರ್ ₹100, ಹಿತ್ತಾಳೆಯ ಟೀ ಜಾಯಿಂಟ್ ₹300. ಒಟ್ಟು ₹6,100. ಕೊನೆಯ ಮೂರರ ಪಾಲು ಬರೀ ₹550, ಅಂದರೆ ಶೇ. 9. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಟೀ ಜಾಯಿಂಟ್ ನೋಡಿ. ದೀಪದ ಹಳೆಯ ಸ್ವಿಚ್ಚನ್ನೂ ಮೀಟರಿಗೆ ಒತ್ತಡ ತಿಳಿಸುವ ಹೊಸ ಸೆಂಡರನ್ನೂ ಒಂದೇ ರಂಧ್ರಕ್ಕೆ ಕೂಡಿಸುವ ತುಂಡು ಅದು. ಜಪಾನಿ ವಿನ್ಯಾಸದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವ 1/8 ಬಿಎಸ್‌ಪಿಟಿ ಥ್ರೆಡ್ಡಿಗೆ ಇಂಚಿಗೆ 28 ಸುತ್ತು. ಅಮೆರಿಕನ್ ಕಿಟ್‌ಗಳ 1/8 ಎನ್‌ಪಿಟಿಗೆ 27. ಕಣ್ಣಿಗೆ ಎರಡೂ ಒಂದೇ. ಕೈಯಲ್ಲೇ ಎರಡು ಮೂರು ಸುತ್ತು ಸರಾಗವಾಗಿ ಹೋಗಿ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ತಿರುವಿದರೆ ಥ್ರೆಡ್ ಹಾಳು, ಆಯಿಲ್ ಜಿನುಗಲು ಶುರು. ಅಂಗಡಿಯಲ್ಲಿ ಹಳೆಯ ಸ್ವಿಚ್ ತೋರಿಸಿಯೇ ಕೊಳ್ಳಿ.

ವೈರಿಂಗ್ ಲೆಕ್ಕ ಸರಳ. 3 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್, ಮೂರಕ್ಕೆ ಮುಕ್ಕಾಲು. ಮೀಟರ್‌ಗಳದ್ದು ಸೇರಿಸಿದರೂ ಒಂದೂವರೆ ದಾಟುವುದು ಅಪರೂಪ. 0.75 ಚದರ ಮಿ.ಮೀ. ತಾಮ್ರದ ವೈರ್, 3 ಆಂಪಿಯರ್ ಫ್ಯೂಸ್ ಧಾರಾಳವಾಗಿ ಸಾಕು. ಸಿಗರೇಟ್ ಲೈಟರಿನ 15 ಆಂಪಿಯರ್ ಲೈನಿಗೆ ಕೂದಲೆಳೆಯ ವೈರ್ ಸುತ್ತಿಕೊಂಡರೆ, ಶಾರ್ಟ್ ಆದಾಗ ಫ್ಯೂಸ್‌ಗಿಂತ ಮೊದಲು ವೈರೇ ಸುಟ್ಟೀತು. ಅದು ಡ್ಯಾಶ್‌ಬೋರ್ಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ.

ವೋಲ್ಟ್ ಮೀಟರಿಗೆ ಇಗ್ನಿಷನ್ ಲೈನಿನಿಂದಲೇ ಕರೆಂಟ್ ಕೊಡಬೇಕು. 20 ಮಿಲಿಆಂಪಿಯರ್ ಎಳೆಯುವ ಡಿಜಿಟಲ್ ಮೀಟರ್ ಹಗಲೂ ರಾತ್ರಿ ಉರಿದರೆ ದಿನಕ್ಕೆ 0.48 ಆಂಪಿಯರ್-ಅವರ್ ಖರ್ಚು. 35 ಆಂಪಿಯರ್-ಅವರ್ ಬ್ಯಾಟರಿ ಐದು ವಾರ ನಿಂತಲ್ಲೇ ಅರ್ಧಕ್ಕಿಳಿಯುತ್ತದೆ. ಇಂಜಿನ್ ನಿಂತಾಗ 12.6, ಓಡುವಾಗ 13.8ರಿಂದ 14.4 ವೋಲ್ಟ್ ಇದ್ದರೆ ಬ್ಯಾಟರಿ, ಆಲ್ಟರ್ನೇಟರ್ ಎರಡೂ ಕ್ಷೇಮ.

ಹೊಸ ಕಾರಿದ್ದವರಿಗೆ ಇಷ್ಟು ಖರ್ಚಿಲ್ಲ. ಸ್ಟಿಯರಿಂಗ್ ಕೆಳಗಿನ 16 ಪಿನ್‌ನ ಒಬಿಡಿ ಸಾಕೆಟ್ಟಿಗೆ ಕೆಲವು ನೂರು ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಬಿಸಿ, ವೋಲ್ಟೇಜ್, ಆರ್‌ಪಿಎಂ ಫೋನಿನಲ್ಲೇ ಕಾಣುತ್ತದೆ. ಮೀಟರೇ ಬೇಕೆಂದರೂ, ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅಲ್ಲಿ ಪಾಡ್ ಕೂರಿಸಲೇಬಾರದು. ಬ್ಯಾಗ್ ಬಿಚ್ಚಿಕೊಂಡಾಗ ಅದು ಮುಖಕ್ಕೇ ಹಾರೀತು. ಆಯಿಲ್ ಪ್ರೆಶರ್ ಮಾತ್ರ ಒಬಿಡಿಯ ಸಾಮಾನ್ಯ ಪಟ್ಟಿಯಲ್ಲಿಲ್ಲ. ಹಾಗಾಗಿ ಒಂದೇ ಮೀಟರಿಗೆ ಹಣವಿದ್ದರೆ, ಹಳೆಯ ಕಾರಾಗಲಿ ಹೊಸದಾಗಲಿ, ಅದನ್ನೇ ಕೊಳ್ಳಿ.