ದೋಸೆಯಾಚೆಗೂ ಊಟವಿದೆ: ಸಿಡ್ನಿ, ಮೆಲ್ಬರ್ನ್‌ಗೆ ಹೊರಟ ಅಪ್ಪ–ಅಮ್ಮಂದಿರಿಗೆ

ಮಗಳ ಬಾಣಂತನಕ್ಕೋ ಮಗನ ಮನೆಯ ಗೃಹಪ್ರವೇಶಕ್ಕೋ ಆಸ್ಟ್ರೇಲಿಯಾಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಅರ್ಧ ಭಾಗ ತಿಂಡಿಯದೇ. ಚಟ್ನಿಪುಡಿ, ಸಾರಿನಪುಡಿ, ಹಚ್ಚಿದ ಅವಲಕ್ಕಿ, ಹಪ್ಪಳ. (ಆಹಾರ ತಂದಿದ್ದೇನೆ ಎಂದು ಅಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ತಪ್ಪದೆ ಬರೆಯಿರಿ. ಮುಚ್ಚಿಟ್ಟರೆ ದಂಡ ಬೀಳುತ್ತದೆ.) ಮೂರು ತಿಂಗಳಿದ್ದು ವಾಪಸಾದವರನ್ನು ‘ಹೊರಗೆ ಏನೇನು ತಿಂದಿರಿ?’ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ. ಸಿಡ್ನಿಯಲ್ಲಿ ಹ್ಯಾರಿಸ್ ಪಾರ್ಕಿಗೆ ಹೋಗಿ ದೋಸೆ, ಮೆಲ್ಬರ್ನ್‌ನಲ್ಲಿ ಇನ್ನೊಂದು ಕಡೆ ದೋಸೆ, ವಾರಾಂತ್ಯದಲ್ಲಿ ಹೆಲೆನ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಮಗ, ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಬಡಾವಣೆಯ ಮನೆಯಲ್ಲಿ ಇಬ್ಬರೇ ಕೂತು ಕಿಟಕಿ ನೋಡುವ ಹಿರಿಯರನ್ನು ಇಲ್ಲಿ ಎಷ್ಟೋ ಮನೆಗಳಲ್ಲಿ ಕಾಣಬಹುದು. ತಾವೇ ರೈಲು ಹತ್ತಿ, ಒಂದು ಹೋಟೆಲಿಗೆ ಹೋಗಿ, ಬೇಕಾದ್ದನ್ನು ಕೇಳಿ ತಿಂದು ಬರುವ ಧೈರ್ಯ ಒಮ್ಮೆ ಬಂದರೆ ಆ ಮೂರು ತಿಂಗಳ ಬಣ್ಣವೇ ಬೇರೆ. ಅಡ್ಡ ಬರುವ ಭಯಗಳು ಎರಡು: ಎಲ್ಲದರಲ್ಲೂ ಮಾಂಸ ಇರುತ್ತದೆ ಎನ್ನುವುದು, ಮತ್ತೆ ಡಾಲರಿನ ಗುಣಾಕಾರ.

ಮೊದಲು ಗುಣಾಕಾರ. ಮಸಾಲೆ ದೋಸೆಗೆ ಹದಿನೈದು ಡಾಲರ್ ಎಂದ ಕೂಡಲೇ ಮನಸ್ಸು ಅದನ್ನು ರೂಪಾಯಿ ಮಾಡಿಬಿಡುತ್ತದೆ. ಬೆಲೆಯ ದೊಡ್ಡ ಪಾಲು ಅಕ್ಕಿ–ಉದ್ದಿನದ್ದಲ್ಲ, ಮಾಡಿ ಬಡಿಸುವವರ ಕೂಲಿಯದ್ದು. 2025ರ ಜುಲೈನಿಂದ ಅಲ್ಲಿಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಕಾಯಂ ಅಲ್ಲದವರಿಗೆ ಅದರ ಮೇಲೆ ಶೇ 25 ಸೇರಿಸಿ ಕೊಡಬೇಕು, ಅಂದರೆ 31 ಡಾಲರಿಗೂ ಹೆಚ್ಚು. ಭಾನುವಾರ ಮತ್ತು ಸರ್ಕಾರಿ ರಜೆಯಂದು ಕೂಲಿ ಇನ್ನೂ ಏರುತ್ತದೆ. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಶೇ 10 ಅಥವಾ 15 ಹೆಚ್ಚುವರಿ ಎಂದು ಬರೆದಿರುವುದು ಅದಕ್ಕೇ. ಕೂಲಿ ಹೀಗಿರುವುದರಿಂದ ಟಿಪ್ಸ್ ಕೊಡಲೇಬೇಕೆಂಬ ಪದ್ಧತಿ ಇಲ್ಲ. ಆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವ ಹುಡುಗ ದಾವಣಗೆರೆಯವನೋ ತುಮಕೂರಿನವನೋ ಆಗಿದ್ದರೂ ಆಶ್ಚರ್ಯವಿಲ್ಲ. ಓದಲು ಬಂದವರು ತರಗತಿ ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆ ದುಡಿಯಬಹುದು. ಒಂದು ಹೋಟೆಲಿನಲ್ಲಿ ಬೆಲೆ ಪಕ್ಕದವರದ್ದಕ್ಕಿಂತ ತೀರಾ ಕಡಿಮೆ ಇದ್ದರೆ, ಉಳಿದದ್ದು ಯಾರ ಜೇಬಿನಿಂದ ಹೋಗುತ್ತಿದೆ ಎಂದೂ ಯೋಚಿಸಬೇಕು. ಬೇಕೆಂದೇ ಕೂಲಿ ಕಡಿತ ಮಾಡುವುದು 2025ರ ಜನವರಿ 1ರಿಂದ ಅಲ್ಲಿ ಕ್ರಿಮಿನಲ್ ಅಪರಾಧ. ನಿಮ್ಮ ಮಗನೇ ಹಾಗೆ ದುಡಿಯುತ್ತಿದ್ದರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಗೆ ಹೆಸರು ಹೇಳದೆಯೂ ತಿಳಿಸಬಹುದು ಎಂದು ಅವನಿಗೆ ಹೇಳಿಡಿ.

ಇನ್ನು ಹೋಟೆಲಿನ ರೀತಿ. ಎಷ್ಟೋ ಕಡೆ ಮಾಣಿ ಮೇಜಿನ ಹತ್ತಿರ ಬರುವುದಿಲ್ಲ. ಕೌಂಟರಿನಲ್ಲಿ ಹೇಳಿ, ದುಡ್ಡು ಕೊಟ್ಟು, ನಂಬರಿನ ಫಲಕ ತಂದು ಮೇಜಿನ ಮೇಲಿಟ್ಟುಕೊಂಡು ಕೂರಬೇಕು, ನಮ್ಮ ದರ್ಶಿನಿಗಳ ಹಾಗೇ. ನೀರು ಬೇಕಾದರೆ ‘ಟ್ಯಾಪ್ ವಾಟರ್’ ಎಂದೇ ಕೇಳಿ. ಬರೀ ‘ವಾಟರ್’ ಎಂದರೆ ಬಾಟಲಿ ಬಂದು ಬಿಲ್ಲಿಗೆ ಸೇರಬಹುದು. ಕೆಫೆಗಳು ಮಧ್ಯಾಹ್ನ ಮೂರರ ಸುಮಾರಿಗೆ ಬಾಗಿಲು ಹಾಕುತ್ತವೆ. ನಾಲ್ಕೂವರೆಗೆ ಕಾಫಿ–ತಿಂಡಿ ಅಭ್ಯಾಸ ಇರುವವರಿಗೆ ಇದೇ ದೊಡ್ಡ ಕಷ್ಟ. ಮೆನುವಿನಲ್ಲಿ ‘ವಿ’ ಅಂದರೆ ಸಸ್ಯಾಹಾರ, ಆದರೆ ಅದರಲ್ಲಿ ಮೊಟ್ಟೆ ಇರಬಹುದು. ‘ವಿಜಿ’ ಎಂದಿದ್ದರೆ ಸಾಮಾನ್ಯವಾಗಿ ಹಾಲು, ಮೊಟ್ಟೆ ಯಾವುದೂ ಇಲ್ಲ. ಥಾಯ್, ವಿಯೆಟ್ನಾಂ ಹೋಟೆಲುಗಳಲ್ಲಿ ಬರೀ ತರಕಾರಿ ಎಂದು ಕಂಡದ್ದಕ್ಕೂ ಮೀನಿನ ಸಾಸ್ ಹಾಕಿರುವುದುಂಟು. ‘ನೋ ಮೀಟ್, ನೋ ಫಿಶ್ ಸಾಸ್, ನೋ ಎಗ್’ ಎಂದು ಮೂರನ್ನೂ ಬಿಡಿಸಿ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಅಲರ್ಜಿಯ ಪ್ರಶ್ನೆ ಕೇಳಿ ಕೇಳಿ ಅವರಿಗೆ ಅಭ್ಯಾಸವಾಗಿದೆ.

ಇಷ್ಟು ಗೊತ್ತಿದ್ದರೆ, ಮೊದಲು ಹೋಗಬೇಕಾದ ಜಾಗ ನನ್ನ ಪ್ರಕಾರ ಮೆಲ್ಬರ್ನ್‌ನ ಫುಟ್ಸ್‌ಕ್ರೇ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಟಾರ್ನೀಟ್, ವೆರಿಬೀ ಕಡೆಯಿಂದ ನಗರಕ್ಕೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ‘ದೋಸಾ ಹಟ್’ 2007ರಲ್ಲಿ ಶುರುವಾದದ್ದೂ ಅಲ್ಲೇ. ಆದರೆ ಅದನ್ನು ದಾಟಿ ಇಥಿಯೋಪಿಯಾದವರ ಸಣ್ಣ ಹೋಟೆಲಿಗೆ ಹೋಗಿ ‘ಬೆಯಾಯ್ನೆತು’ ಕೇಳಿ. ದೊಡ್ಡ ತಟ್ಟೆಯ ತುಂಬ ಇಂಜೆರಾ ಹಾಸಿ, ಅದರ ಮೇಲೆ ಐದಾರು ಬಗೆ ಬಡಿಸಿ ತರುತ್ತಾರೆ. ಇಂಜೆರಾ ಎಂದರೆ ಟೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸಿದ ದೋಸೆ. ಮೇಲೆಲ್ಲ ಸೆಟ್ ದೋಸೆಯ ಹಾಗೆ ಕಣ್ಣು ಕಣ್ಣು. ಹುಳಿ ನಮ್ಮದಕ್ಕಿಂತ ಒಂದು ಪಟ್ಟು ಹೆಚ್ಚು, ಮೊದಲ ತುತ್ತಿಗೆ ಮುಖ ಸ್ವಲ್ಪ ಕಿವುಚುತ್ತದೆ. ಮೇಲಿನ ‘ಮಿಸಿರ್ ವೊಟ್’ ಖಾರದ ಮಸೂರ್ ಬೇಳೆ, ‘ಗೊಮೆನ್’ ಸೊಪ್ಪಿನ ಪಲ್ಯ. ‘ಶಿರೋ’ ಬಂದರೆ ಉತ್ತರ ಕರ್ನಾಟಕದವರಿಗೆ ಪರಿಚಯ ಮಾಡಿಕೊಡುವುದೇ ಬೇಡ, ಅದು ಕಡಲೆಹಿಟ್ಟಿನ ಝುಣಕದ ಅಣ್ಣತಮ್ಮ.

ಇದು ಅಲ್ಲಿ ಯಾರೋ ಸಸ್ಯಾಹಾರಿಗಳಿಗೆಂದು ಹೊಸದಾಗಿ ಹುಟ್ಟಿಸಿದ ಅಡುಗೆಯಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸದ ಕಾಲದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಈ ತಟ್ಟೆ ಅವರ ಒಪ್ಪತ್ತಿನ ಊಟ. ಚಮಚ ಇಲ್ಲ, ಕೈಯಲ್ಲೇ ತಿನ್ನಬೇಕು. ಫೋರ್ಕ್ ಹಿಡಿಯಲು ಸಂಕೋಚಪಟ್ಟು ಹೋಟೆಲೇ ಬೇಡ ಎನ್ನುವ ಅಜ್ಜಿಯರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಇಲ್ಲ. ಒಂದೇ ತಟ್ಟೆಯಲ್ಲಿ ಎಲ್ಲರೂ ಕೈ ಹಾಕಿ ಉಣ್ಣುವುದು ಅವರ ಪ್ರೀತಿಯ ಪದ್ಧತಿ. ಎಂಜಲು ಎಂದು ಹಿಂಜರಿಯುವವರು ಬೇರೆ ತಟ್ಟೆ ಕೇಳಿದರಾಯಿತು.

ಊಟ ಆದ ಮೇಲೆ ಏಳಬೇಡಿ. ಕೆಲವು ಕಡೆ ಬೀಜವನ್ನು ಎದುರಿಗೇ ಹುರಿದು, ಹೊಗೆ ಮೂಗಿಗೆ ಹಿಡಿಸಿ, ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕಾಫಿ ಕುದಿಸಿ ಕೊಡುತ್ತಾರೆ. ಕ್ರಮವಾಗಿ ಮೂರು ಸುತ್ತು ಕುಡಿಯಬೇಕು. ಬಾಬಾ ಬುಡನ್ ಯೆಮನ್‌ನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರು ಎನ್ನುವ ಕಾಫಿ ಗಿಡದ ತವರು ಇಥಿಯೋಪಿಯಾ. ಆ ಕಾಫಿಗೆ ಹಾಲು ಕೇಳಬೇಕೋ ಬೇಡವೋ ಎಂಬುದನ್ನು ನಿಮ್ಮ ವಿವೇಚನೆಗೆ ಬಿಟ್ಟಿದ್ದೇನೆ.

ಮೆಲ್ಬರ್ನ್ ನಗರದ ಮಧ್ಯೆ ಸ್ವಾನ್‌ಸ್ಟನ್ ಸ್ಟ್ರೀಟಿನಲ್ಲಿ ಹರೇ ಕೃಷ್ಣದವರು ನಡೆಸುವ ‘ಕ್ರಾಸ್‌ವೇಸ್’ ಇದೆ. ಮಹಡಿ ಹತ್ತಬೇಕು. ಕಡಿಮೆ ಬೆಲೆಗೆ ಮಧ್ಯಾಹ್ನದ ಊಟ, ಈರುಳ್ಳಿ–ಬೆಳ್ಳುಳ್ಳಿಯ ಚಿಂತೆ ಇಲ್ಲ, ವಿದ್ಯಾರ್ಥಿಗಳ ಸಾಲು ಇರುತ್ತದೆ. ರುಚಿ ಸಾಧಾರಣ.

ಸಿಡ್ನಿಯಲ್ಲಿ ಇಂಥ ಹುಡುಕಾಟಕ್ಕೆ ಹ್ಯಾರಿಸ್ ಪಾರ್ಕಿನಿಂದ ಬಹು ದೂರ ಹೋಗಬೇಕಿಲ್ಲ. ಪಕ್ಕದ ಗ್ರ್ಯಾನ್‌ವಿಲ್, ಮೆರಿಲ್ಯಾಂಡ್ಸ್, ಇನ್ನೂ ಆಚೆ ಲಕೆಂಬಾ, ಪಂಚ್‌ಬೌಲ್ ಲೆಬನಾನಿನವರು ನೆಲೆಸಿದ ಬಡಾವಣೆಗಳು. ಅವರ ಬೇಕರಿಗಳಲ್ಲಿ ಬೆಳಿಗ್ಗೆ ‘ಮನೂಶ್’ ಸಿಗುತ್ತದೆ: ರೊಟ್ಟಿಯ ಮೇಲೆ ಎಣ್ಣೆ, ಎಳ್ಳು, ಝಾತಾರ್ ಸೊಪ್ಪಿನ ಪುಡಿ ಸವರಿ ಒಲೆಯಲ್ಲಿ ಸುಟ್ಟದ್ದು. ಚಟ್ನಿಪುಡಿ ಎಣ್ಣೆ ಕಲಸಿ ರೊಟ್ಟಿಗೆ ಹಚ್ಚಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೆಫೆಯ ಟೋಸ್ಟಿಗಿಂತ ಅಗ್ಗ, ಹೊಟ್ಟೆಯೂ ತುಂಬುತ್ತದೆ. ಫಲಾಫೆಲ್ ಕಡಲೆಕಾಳಿನ ವಡೆ.

ಹೇಮಾರ್ಕೆಟ್‌ನಲ್ಲಿ 2007ರಿಂದ ಇರುವ ‘ಮಾಮಾಕ್’ ಮಲೇಷ್ಯಾದ ಹೋಟೆಲು. ಮಲೇಷ್ಯಾದಲ್ಲಿ ನೆಲೆಸಿದ ತಮಿಳು ಮುಸ್ಲಿಮರಿಗೆ ಈ ಹೆಸರು ಬಂದದ್ದು ತಮಿಳಿನ ‘ಮಾಮ’ದಿಂದ. ಕಿಟಕಿಯ ಹಿಂದೆ ನಿಂತು ಹಿಟ್ಟನ್ನು ಬೀಸಿ ಬೀಸಿ ತೆಳ್ಳಗೆ ಮಾಡುವುದನ್ನು ನೋಡಲೆಂದೇ ಮಕ್ಕಳು ನಿಲ್ಲುತ್ತಾರೆ. ಅವರ ‘ರೋಟಿ ಚನಾಯ್’ ನಮ್ಮ ಪರೋಟದ ನೆಂಟ. ಜೊತೆಗೆ ಬರುವ ಸಾಂಬಾಲ್‌ನಲ್ಲಿ ಸಿಗಡಿ ಇರುತ್ತದೆ, ಅದನ್ನು ಬೇಡ ಎಂದು ಮೊದಲೇ ಹೇಳಿ. ಬೇಳೆಯ ಸಾರು ಸಿಗುತ್ತದೆಯೇ ಎಂದು ಕೇಳಿ.

ಚಿಪ್ಸ್ ಅಂಗಡಿಯ ಬಗ್ಗೆ ಒಂದು ಮಾತು. ‘ಚಿಕನ್ ಸಾಲ್ಟ್ ಹಾಕಲೇ?’ ಎಂದು ಕೇಳಿದಾಗ ಹೌಹಾರಬೇಡಿ. ಹೆಸರು ಹಾಗಿದ್ದರೂ ಎಷ್ಟೋ ಕಂಪನಿಗಳ ಪುಡಿಯಲ್ಲಿ ಕೋಳಿ ಇಲ್ಲವೇ ಇಲ್ಲ. ಕೇಳಬೇಕಾದದ್ದು ಎಣ್ಣೆಯ ಬಗ್ಗೆ. ಮೀನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆಯೂ ಕರಿದಿರುವುದುಂಟು, ಕೆಲವು ಕಡೆ ದನದ ಕೊಬ್ಬೂ ಬಳಸುತ್ತಾರೆ.

ಎರಡು ನಗರಗಳ ನಡುವೆ ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿಲೊಮೀಟರ್. ಶಾಲೆಯ ರಜೆಯಲ್ಲಿ ಮಗ ಕಾರಿನಲ್ಲಿ ಕರೆದುಕೊಂಡು ಹೊರಟರೆ, ಪೆಟ್ರೋಲ್ ಬಂಕಿನ ಬರ್ಗರ್ ಅಂಗಡಿಯಲ್ಲೇ ನಿಲ್ಲಿಸಲು ಬಿಡಬೇಡಿ. ಹೆದ್ದಾರಿಯಿಂದ ಒಳಗಿರುವ ಗುಂಡಗಾಯ್ ಊರಿನಲ್ಲಿ 1902ರಿಂದ ಇರುವ ‘ನಯಾಗರಾ ಕೆಫೆ’ ಗ್ರೀಕರು ನಡೆಸಿದ್ದು. 1942ರಲ್ಲಿ, ಯುದ್ಧದ ಕಾಲದಲ್ಲಿ, ಪ್ರಧಾನಿ ಜಾನ್ ಕರ್ಟಿನ್ ಒಂದು ರಾತ್ರಿ ಬಂದು ಇಲ್ಲಿ ಉಂಡಿದ್ದರು. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಆಸ್ಟ್ರೇಲಿಯಾದ ಹಳ್ಳಿಪಟ್ಟಣಗಳಿಗೆಲ್ಲ ಹೀಗೆ ಹೋಟೆಲು ಇಟ್ಟವರು ಗ್ರೀಕರು. ಅವರಲ್ಲಿ ಬಹಳಷ್ಟು ಜನ ಕಿಥಿರಾ ಎಂಬ ಒಂದೇ ದ್ವೀಪದವರು. ಒಬ್ಬ ಹೋಗಿ ಅಂಗಡಿ ಇಡುವುದು, ತಮ್ಮನನ್ನು ಕರೆಸಿ ಲೋಟ ತೊಳೆಯಲು ಹಚ್ಚುವುದು, ಅವನು ಮುಂದಿನ ಊರಲ್ಲಿ ಇನ್ನೊಂದು ಇಡುವುದು. ಉಡುಪಿಯಿಂದ ಮುಂಬೈಗೆ ಹೋದವರ ಮನೆಗಳಲ್ಲಿ ಈ ಕಥೆ ಯಾರಿಗೆ ಗೊತ್ತಿಲ್ಲ?

ವ್ಯತ್ಯಾಸ ಒಂದೇ. ಉಡುಪಿಯವರು ತಮ್ಮ ಇಡ್ಲಿ–ದೋಸೆಯನ್ನೇ ಮುಂಬೈಗೆ ತಿನ್ನಿಸಿದರು. ಗ್ರೀಕರಿಗೆ ಆ ಅವಕಾಶ ಸಿಗಲಿಲ್ಲ. ಗಿರಾಕಿ ಕೇಳಿದ ಮಾಂಸ–ಮೊಟ್ಟೆ, ಚಿಪ್ಸ್, ಮಿಲ್ಕ್‌ಶೇಕ್ ಮಾಡಿಕೊಟ್ಟು, ತಮ್ಮ ಅಡುಗೆಯನ್ನು ಹಿಂದಿನ ಕೋಣೆಯಲ್ಲಿ ತಾವು ಉಂಡರು. ಆಸ್ಟ್ರೇಲಿಯಾದ ಮೊದಲ ‘ಮಿಲ್ಕ್ ಬಾರ್’ ಎನ್ನುವುದನ್ನು 1932ರಲ್ಲಿ ಸಿಡ್ನಿಯ ಮಾರ್ಟಿನ್ ಪ್ಲೇಸ್‌ನಲ್ಲಿ ತೆರೆದವರೂ ಗ್ರೀಸಿನಿಂದ ಬಂದ ಮಿಕ್ ಆಡಮ್ಸ್. ಇಂದು ಹ್ಯಾರಿಸ್ ಪಾರ್ಕಿನಲ್ಲಿ ದೋಸೆ ಹುಯ್ಯುವವರಿಗೆ ಆ ಮುಚ್ಚುಮರೆ ಬೇಕಾಗಿಲ್ಲ.

ಸಸ್ಯಾಹಾರಿಗಳು ಇಂಥ ಊರುಗಳ ಕೆಫೆಗಳಲ್ಲಿ ಚೀಸ್–ಟೊಮೆಟೊ ಟೋಸ್ಟ್, ಚಿಪ್ಸ್, ಮಿಲ್ಕ್‌ಶೇಕ್‌ಗೆ ತೃಪ್ತಿಪಟ್ಟುಕೊಳ್ಳಬೇಕು. ಚಟ್ನಿಪುಡಿಯ ಡಬ್ಬಿ ಕೈಚೀಲದಲ್ಲಿರಲಿ. ಮುಂದೆ ಹೋಲ್‌ಬ್ರೂಕ್‌ನಲ್ಲಿ, ಸಮುದ್ರದಿಂದ ನೂರಾರು ಕಿಲೊಮೀಟರ್ ಒಳನಾಡಿನಲ್ಲಿ, ಉದ್ಯಾನದ ಹುಲ್ಲಿನ ಮೇಲೆ ‘ಓಟ್‌ವೇ’ ಜಲಾಂತರ್ಗಾಮಿಯ ಮೇಲ್ಭಾಗ ಇಟ್ಟಿದ್ದಾರೆ. ಮೊಮ್ಮಕ್ಕಳು ಅದನ್ನು ಸುತ್ತಿ ಬರುವಷ್ಟರಲ್ಲಿ ನಿಮ್ಮ ಟೀ ಮುಗಿದಿರುತ್ತದೆ. ಆದರೆ ಈ ಊರುಗಳಲ್ಲೂ ಕೆಫೆಗಳು ಬೇಗ ಮುಚ್ಚುತ್ತವೆ. ಸಿಡ್ನಿಯಿಂದ ಗುಂಡಗಾಯ್‌ಗೆ ಸುಮಾರು 390 ಕಿಲೊಮೀಟರ್, ಊಟದ ಹೊತ್ತಿಗೆ ಅಲ್ಲಿರಬೇಕಾದರೆ ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕು.