ಬಲ ಹೃದಯಕ್ಕೂ ಒಂದು ಸಾಲು

2025ರ ಜೂನ್-ಜುಲೈನಲ್ಲಿ ಹಠಾತ್ ಹೃದಯಾಘಾತದ ಸಾವುಗಳಿಂದಾಗಿ ಹಾಸನ ಜಿಲ್ಲೆಯ ಹೆಸರು ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳಿಗೆ ಜನ ತಪಾಸಣೆಗೆಂದು ಮುಗಿಬಿದ್ದರು. ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ತಜ್ಞರ ಸಮಿತಿ ಹೇಳಿದ ಮೇಲೆ ಆತಂಕ ತಗ್ಗಿತು.

ಆ ಗಾಬರಿಯಲ್ಲೇ, ಹಿರೀಸಾವೆ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನನ್ನೂ ಒಂದೆಡೆ ಎಕೋ ಪರೀಕ್ಷೆಗೆ ಕರೆದೊಯ್ದಿದ್ದೆವು. 'ಎಡ ಹೃತ್ಕುಕ್ಷಿಯ ಕಾರ್ಯಕ್ಷಮತೆ ಶೇ 60, ಸಹಜ' ಎಂದು ವರದಿ ಬಂತು. ಹಿತ್ತಿಲಿನಿಂದ ಅಂಗಳಕ್ಕೆ ಬರುವಷ್ಟರಲ್ಲಿ ಎರಡು ಬಾರಿ ಕೂರುತ್ತಿದ್ದ, ಸಂಜೆಗೆ ಪಾದ ಊದುತ್ತಿದ್ದ ಆಕೆಗೆ 'ವಯಸ್ಸಾಯಿತಲ್ಲ' ಎಂಬ ಸಮಾಧಾನವಷ್ಟೇ ಸಿಕ್ಕಿತು. ಮೂರು ತಿಂಗಳ ನಂತರ ಬೇರೊಬ್ಬ ವೈದ್ಯರು ಅದೇ ಬಗೆಯ ಯಂತ್ರದಲ್ಲಿ ಹೃದಯದ ಬಲಭಾಗವನ್ನು ನೋಡಿದರು. ಬಲ ಹೃತ್ಕುಕ್ಷಿ ಎಡದ್ದಕ್ಕಿಂತ ದೊಡ್ಡದಾಗಿತ್ತು. ನಡುವಿನ ಗೋಡೆ ಚಪ್ಪಟೆಯಾಗಿ ಎಡಕ್ಕೆ ಸರಿದಿತ್ತು.

ಶ್ವಾಸಕೋಶಕ್ಕೆ ರಕ್ತ ನೂಕುವ ಬಲಭಾಗ ತೆಳುಗೋಡೆಯದು, ಕಡಿಮೆ ಒತ್ತಡಕ್ಕೆ ಒಗ್ಗಿದ್ದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದರೆ ಅದು ಹಿಗ್ಗಿ ಸೋಲುತ್ತದೆ. ಪ್ರತಿ ಬಡಿತದಲ್ಲೂ ಬಲಗವಾಟದ ಅಂಚು ಎಷ್ಟು ದೂರ ಚಲಿಸುತ್ತದೆಂದು ಎಕೋದಲ್ಲಿ ಅಳೆಯಬಹುದು, 17 ಮಿ.ಮೀ.ಗಿಂತ ಕಡಿಮೆಯಾದರೆ ದುರ್ಬಲವೆಂದರ್ಥ. ಅಕ್ಕನದು 13. ಆ ಕವಾಟದಲ್ಲಿ ಹಿಂದಕ್ಕೆ ಸೋರುವ ರಕ್ತದ ವೇಗ ಸೆಕೆಂಡಿಗೆ 2.8 ಮೀಟರ್ ದಾಟಿದರೆ ಶ್ವಾಸಕೋಶದ ಅಧಿಕ ಒತ್ತಡವನ್ನು ಶಂಕಿಸಬೇಕು. ಖಚಿತಪಡಿಸಲು ಬಲ ಹೃದಯಕ್ಕೆ ಕ್ಯಾತಿಟರ್ ಹಾಕಿಯೇ ಅಳೆಯಬೇಕು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ಎಕೋ ಅಂದಾಜು ಪಟ್ಟಿ, ಕ್ಯಾತಿಟರ್ ಲೆಕ್ಕ ಪರಿಶೋಧನೆ.

ಬೀಡಿ ಮುಟ್ಟದ ಅಕ್ಕನಿಗೆ ಇದೆಲ್ಲಿಂದ ಬಂತು? ಐವತ್ತು ವರ್ಷದ ಒಲೆಯ ಹೊಗೆಯಿಂದ ಹಾಳಾದ ಶ್ವಾಸಕೋಶದಿಂದ ಎಂದರು ವೈದ್ಯರು. ಧೂಮಪಾನ ಅಪರೂಪವಾಗಿದ್ದ ಹೆಂಗಸರಲ್ಲೂ ಈ ಬಗೆಯ ಹೃದ್ರೋಗ ಗಂಡಸರಷ್ಟೇ ಇರುವುದನ್ನು ಡಾ. ಎಸ್. ಪದ್ಮಾವತಿ ದೆಹಲಿಯಲ್ಲಿ ದಶಕಗಳ ಹಿಂದೆಯೇ ಗುರುತಿಸಿದ್ದರು. ಚನ್ನರಾಯಪಟ್ಟಣ ತೆಂಗಿನ ಸೀಮೆ. 2016ರ ಉಜ್ವಲ ಯೋಜನೆಯ ನಂತರ ಅಡುಗೆಮನೆಗೆ ಗ್ಯಾಸ್ ಬಂದರೂ ಬಚ್ಚಲ ಹಂಡೆಯಡಿ ಉರಿಯುವುದು ಗರಿ, ಮೊಟ್ಟೆಗಳೇ, ಅವಕ್ಕೆ ಬೆಲೆಯಿಲ್ಲ. ಅರ್ಥಶಾಸ್ತ್ರ ಓದಿದ ನನಗೂ ಈ 'ಉಚಿತ' ಇಂಧನದ ವೆಚ್ಚ ಯಾರ ಖಾತೆಗೆ ಬೀಳುತ್ತದೆಂದು ಹೊಳೆದದ್ದು ತಡವಾಗಿ.

ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವಕ್ಕೆ ಜೋಡಿಸಿರುವ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ. ಆದರೆ ಅದರ ಗುರಿ ಹೃದಯಾಘಾತ. ಇಸಿಜಿ ಸಹಜವಿದ್ದ ಮಾತ್ರಕ್ಕೆ ಬಲ ಹೃದಯ ಸೋತಿಲ್ಲವೆನ್ನಲಾಗದು. ಎಕೋ ಬೇಕೆಂದರೆ ಹಿರೀಸಾವೆಯವರು ಹೆದ್ದಾರಿಯಲ್ಲಿ ಹಾಸನದ ಕಡೆಗೋ, ಬೆಳ್ಳೂರು ಕ್ರಾಸ್‌ನ ವೈದ್ಯಕೀಯ ಕಾಲೇಜಿಗೋ, ಬೆಂಗಳೂರಿಗೋ ಹೊರಡಬೇಕು. ರೋಗಿಯ ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಅಷ್ಟು ಕಳೆದುಕೊಂಡು ತಂದ ವರದಿಯಲ್ಲಿ ಅರ್ಧ ಹೃದಯವೇ ಇಲ್ಲದಿದ್ದರೆ ಹೇಗೆ? ಆರೋಗ್ಯ ಇಲಾಖೆ ಹೊಸ ಯಂತ್ರ ಕೊಳ್ಳಬೇಕಿಲ್ಲ. ಬಲ ಹೃತ್ಕುಕ್ಷಿಯ ಗಾತ್ರ, ಕವಾಟದ ಚಲನೆ, ಸೋರಿಕೆಯ ವೇಗ—ಈ ಮೂರನ್ನು ವರದಿಯ ನಮೂನೆಯಲ್ಲಿ ಕಡ್ಡಾಯಗೊಳಿಸಿ, ಅಳೆಯುವವರಿಗೆ ತರಬೇತಿ ಕೊಟ್ಟರೆ ಸಾಕು.

ಅಕ್ಕ ಈಗ ನೀರಿಳಿಸುವ ಮಾತ್ರೆ, ರಾತ್ರಿ ಆಮ್ಲಜನಕದ ಆಸರೆಯಲ್ಲಿದ್ದಾಳೆ. ಬಚ್ಚಲಿಗೆ ಸೋಲಾರ್ ಹಾಕಿಸಿದ್ದೇನೆ. ಮೋಡ ಕವಿದ ದಿನ ಹಂಡೆಯೊಲೆಗೆ ಗರಿ ತುರುಕಲು ಹೊರಡುವವಳು ಅವಳೇ.